ಸಾವಿರ ಕೇಜಿ ಕಾಟಿ ಉಳೀತು, ಹನ್ನೆರಡ ಕೇಜಿ ಎರಿಭೂತ ಯಾಕ ಉಳೀಲಿಲ್ಲ?

ಹೋದ ತಿಂಗಳ ಈ ಅಂಕಣದಾಗ ನವಿಲು ಜೋಳದ ತೆನಿ ಹಾಳ ಮಾಡೋ ಪ್ರಶ್ನೆಗೆ ಉತ್ತರ ಕೊಡ್ತಾ ಕೊನಿಗೆ ಒಂದ ಸಾಲು ಬರದಿದ್ದೆ, "ನವಿಲು ಹೆಚ್ಚಾಗೈತಿ ಅಂತ ಬೈತೀವಿ, ಅದೇ ಹೊಲದಾಗ ಇದ್ದ ಎರಿಭೂತ ಹೋದದ್ದು ಮಾತ್ರ ಯಾರಿಗೂ ಗೊತ್ತಾಗ್ಲಿಲ್ಲ" ಅಂತ. ಎರಿಭೂತ ಅಂದ್ರ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನೂ ಬಯಲಿನ ದೊಡ್ಡ ಹಕ್ಕಿ. ಆ ಒಂದ ಸಾಲಿಗೆ ಬಂದಷ್ಟ ಪತ್ರ ನವಿಲಿಗೂ ಬರ್ಲಿಲ್ಲ. ಕೆಲವರು ವಾಟ್ಸಾಪ್‌ನಾಗ ವಾಯ್ಸ್ ಮೆಸೇಜ್ ಕಳಿಸ್ಯಾರ, ಒಬ್ಬರದು ಏಳ ನಿಮಿಷದ್ದು, ಅದರಾಗ ಐದ ನಿಮಿಷ ಅವರ ಎಮ್ಮಿ ಒದರೂದ ಕೇಳಸ್ತೈತಿ. ಇರ್ಲಿ. ಈ ಸಲ ಬ್ಯಾರೆ ವಿಷಯ ಬಾಜೂಕ ಇಟ್ಟು ಇದನ್ನಷ್ಟ ತಗೊಂಡೀನಿ.

ಪ್ರಶ್ನೆ: ನಮ್ಮ ಕಡೆ ಕಾಟಿ (ಗೌರ್ ಅನ್ನೂ ಕಾಡಿನ ದೊಡ್ಡ ದನ) ಹಿಂಡು ಗದ್ದಿಗೆ ಇಳಿಯೂದು ಮಾಮೂಲಿ. ನಿಮ್ಮ ಅಂಕಣ ಓದಿ ಏಳನೇ ಕ್ಲಾಸಿನ ಹುಡುಗ ಒಬ್ಬ ಕೇಳ್ದ: "ಸರ್, ದೊಡ್ಡ ಪ್ರಾಣಿಗೆ ಜಾಸ್ತಿ ಮೇವು ಬೇಕು, ಜಾಸ್ತಿ ಜಾಗ ಬೇಕು, ಹಂಗಾದ್ರ ಕಾಟಿ ಮೊದ್ಲ ಹೋಗ್ಬೇಕಿತ್ತಲ್ಲ, ಹಾರಿ ಹೋಗಾಕ ಬರೋ ಹಕ್ಕಿ ಯಾಕ ಮೊದ್ಲ ಹೋತು?" ನನ್ನ ಹತ್ರ ಉತ್ತರ ಇರ್ಲಿಲ್ಲ.
ಶಿಕ್ಷಕರೊಬ್ಬರು, ಖಾನಾಪುರ ತಾಲೂಕು

ಉತ್ತರ: ಹುಡುಗನ ತಲಿ ಚಲೋ ಓಡ್ತೈತಿ ಸರ್, ನನ್ನ ಕಡಿಂದ ಒಂದ ಶಾಭಾಸ್ ಹೇಳ್ರಿ. ಸಾಮಾನ್ಯವಾಗಿ ಅವ ಹೇಳಿದ್ದು ಖರೆ, ಮೈ ದೊಡ್ಡದಾದಷ್ಟು ಹೊಟ್ಟಿ ದೊಡ್ಡದು, ಮರಿ ಕಡಿಮಿ, ಬಂದೂಕದವನ ಕಣ್ಣಿಗೂ ಮೊದ್ಲ ಬೀಳ್ತೈತಿ. ಆದ್ರ ಇಲ್ಲಿ ಲೆಕ್ಕ ತಿರುವುಮುರುವು ಆಗೈತಿ.

ಮೊದ್ಲ ತಕ್ಕಡಿ ಹಿಡಿಯೂಣು. ಬೆಳದ ಗಂಡು ಕಾಟಿ 600 ಕೇಜಿಯಿಂದ 1000 ಕೇಜಿ ತನಕ ತೂಗ್ತೈತಿ, ಭುಜದ ಹತ್ರ ಎತ್ತರ ಸುಮಾರು ಆರ ಅಡಿ, ಅಂದ್ರ ನೀವು ಅದರ ಬಾಜೂಕ ನಿಂತ್ರ (ನಿಲ್ಲಬ್ಯಾಡ್ರಿ) ಬೆನ್ನಿನ ಆಚಿಗೆ ಏನೈತಿ ಅಂತ ಕಾಣೂದಿಲ್ಲ. ಗಂಡು ಎರಿಭೂತ ಒಂದ ಮೀಟರ್ ಎತ್ತರ, 8ರಿಂದ 14 ಕೇಜಿ, ಹೆಣ್ಣು ಹೆಚ್ಚೂಕಡಿಮಿ ಅದರ ಅರ್ಧ. 2018ರ ಹೊತ್ತಿನ ಅಂದಾಜಿನ ಪ್ರಕಾರ ಇಡೀ ಜಗತ್ತಿನಾಗ ಈ ಹಕ್ಕಿ ಉಳದದ್ದು ಸುಮಾರು 150. ನಾ ರಾತ್ರಿ ಕುಂತು ಲೆಕ್ಕ ಹಾಕ್ದೆ: ಅರ್ಧ ಗಂಡು ಅರ್ಧ ಹೆಣ್ಣು ಅಂತ ಹಿಡೀರಿ, ಗಂಡಿಗೆ 11 ಕೇಜಿ, ಹೆಣ್ಣಿಗೆ 5 ಕೇಜಿ, ಎಲ್ಲಾ ಕೂಡ್ಸಿದ್ರ 1200 ಕೇಜಿ. ನಮ್ಮಲ್ಲಿ ಕಬ್ಬಿನ ಟ್ರ್ಯಾಕ್ಟರ್ ತೂಗೂ ಕಾಟಾ ಇರ್ತಾವಲ್ಲ, ಅದರ ಮ್ಯಾಲ ನಿಮ್ಮ ಭೀಮಗಡದ ಒಂದ ದೊಡ್ಡ ಗಂಡು ಕಾಟಿ, ಜತಿಗೆ ಒಂದ ಕರಾ ನಿಲ್ಸಿದ್ರ ಭೂಮಿ ಮ್ಯಾಲಿನ ಅಷ್ಟೂ ಎರಿಭೂತಗಳ ತೂಕ ಬಂತು. ಈ ಲೆಕ್ಕ ಮಾಡಿದ ಮ್ಯಾಲ ನನಗ ಸ್ವಲ್ಪ ಹೊತ್ತು ನಿದ್ದಿ ಬರ್ಲಿಲ್ಲ ನೋಡ್ರಿ.

ಹುಡುಗ "ಹಾರೂ ಹಕ್ಕಿ" ಅಂದದ್ದಕ್ಕ ಒಂದ ಮಾತು. ಕಾಟಿ ಮುಂದ ಇಟ್ಟು ನೋಡಿದ್ರ ಎರಿಭೂತ ಗಿಡ್ಡ ಕಾಣ್ತೈತಿ, ಆದ್ರ ಹಾರೂ ಹಕ್ಕಿಗಳ ಜಾತ್ಯಾಗ ಅದೇ ಕಾಟಿ. ಹದಿನೆಂಟ ಇಪ್ಪತ್ತ ಕೇಜಿ ದಾಟಿದ್ರ ರೆಕ್ಕಿ ಹೊರಾಕ ಆಗೂದಿಲ್ಲ, ಅದಕ್ಕ ಎಮು, ಆಸ್ಟ್ರಿಚ್ ಎಲ್ಲಾ ನೆಲದ ಮ್ಯಾಲ ಓಡಾಡ್ಕೊಂಡ ಅದಾವ. ಎರಿಭೂತ ಆ ಗೆರಿ ಹತ್ರಾನ ನಿಂತೈತಿ. ಹಾರ್ತೈತಿ ಖರೆ, ದೂರಾನೂ ಹಾರ್ತೈತಿ, ಆದ್ರ ತುಂಬಿದ ಟ್ರೇಲರ್ ಎಳಕೊಂಡು ಹೊಂಟ ಟ್ರ್ಯಾಕ್ಟರ್ ಇದ್ದಂಗ, ಎದುರಿಗೆ ಏನರ ಬಂದ್ರ ಗಕ್ಕನ ಸ್ಟೇರಿಂಗ್ ತಿರುಗ್ಸಾಕ ಆಗೂದಿಲ್ಲ. ಕಾಲಿಗೆ ಹಿಂದಿನ ಬೆರಳ ಇಲ್ಲ, ಮೂರೂ ಬೆರಳು ಮುಂದಕ್ಕ, ಹಿಂಗಾಗಿ ಗಿಡದ ಟೊಂಗಿ ಹಿಡಕೊಂಡು ಕುಂದ್ರಾಕ ಬರೂದಿಲ್ಲ. ಹುಟ್ಟೂದು, ಉಣ್ಣೂದು, ಮಲಗೂದು, ಸಾಯೂದು ಎಲ್ಲಾ ನೆಲದ ಮ್ಯಾಲ.

ಇನ್ನ ಮರಿ ವಿಷಯ. ಇಲ್ಲಿ ನನಗೂ ಆಶ್ಚರ್ಯ ಆತು, ಯಾಕಂದ್ರ ಹೆರಿಗಿ ಲೆಕ್ಕದಾಗ ಇಬ್ಬರೂ ಸಮ. ಕಾಟಿ ಒಂಬತ್ತ ತಿಂಗಳ ಹೊತ್ತು ಒಂದ ಕರಾ ಹಾಕ್ತೈತಿ, ಎರಿಭೂತ ಸಾಮಾನ್ಯವಾಗಿ ವರ್ಷಕ್ಕ ಒಂದ ತತ್ತಿ ಇಡ್ತೈತಿ. ಒಂದಕ್ಕ ಒಂದು. ಫರಕ್ ಬರೂದು ಆಮ್ಯಾಲ.

ಎರಡ ವರ್ಷದ ಹಿಂದ ಖಾನಾಪುರದಿಂದ ಹೆಮ್ಮಡಗಾ ಕಡೆ ಹೊಂಟಾಗ, ಇನ್ನೂ ಪೂರ್ತಿ ಕತ್ತಲಾಗಿರ್ಲಿಲ್ಲ, ರಸ್ತಿ ಬಾಜೂಕ ಒಂದ ಹಿಂಡು ನಿಂತಿತ್ತು. ಮುಂದ ಒಂದ ಗಂಡು, ಮೈ ಎಣ್ಣಿ ತಿಕ್ಕಿದಂಗ ಕರ್ರಗ, ಹಣಿ ಬೂದಿ ಬಣ್ಣ, ನಾಕೂ ಕಾಲಿಗೆ ಮೊಣಕಾಲ ತನಕ ಬಿಳಿ ಸಾಕ್ಸ್ ಹಾಕ್ದಂಗ. ಡ್ರೈವರ್ ಗಾಡಿ ಬಂದ್ ಮಾಡ್ದ. ಮೂಗಿನಿಂದ ಫುಸ್ ಅಂತ ಗಾಳಿ ಬಿಟ್ಟಿದ್ದು ಗ್ಲಾಸ್ ಏರಿಸಿದ್ರೂ ಕೇಳಿತು. ಕರಾ ಎಲ್ಲೈತಿ ಅಂತ ಹುಡುಕಿದ್ರ ನಡುವ ಹೆಣ್ಣಗಳ ಹೊಟ್ಟಿ ಕೆಳಗ ಕೆಂಚನ್ನ ಎರಡ ಕಿವಿ ಅಷ್ಟ ಕಾಣ್ತಿದ್ವು, ಸುತ್ತಲೂ ಐದಾರ ಟನ್ ಮಾಂಸದ ಗ್ವಾಡಿ. ಹುಲಿ ಬಂದ್ರೂ ಯೋಚನಿ ಮಾಡಿ ಬರ್ಬೇಕು.

ಎರಿಭೂತದ ತತ್ತಿಗೆ ಗ್ವಾಡಿ ಹೋಗ್ಲಿ, ಗೂಡೂ ಇಲ್ಲ. ನೆಲ ಸ್ವಲ್ಪ ಕೆದರಿ ಇಟ್ಟದ್ದ ಗೂಡು. ಗಂಡು ಸಂಬಂಧ ಮುಗದ ಮ್ಯಾಲ ಆ ಕಡೆ ತಿರುಗೂ ನೋಡೂದಿಲ್ಲ, ಹೆಣ್ಣು ಒಂದೇ ಸುಮಾರು 27 ದಿನ ಕಾವು ಕುಂದರ್ತೈತಿ. ನಮ್ಮ ಮುತ್ಯಾ ಹೇಳ್ತಿದ್ದ ಕತಿ ಒಂದೈತಿ. ಮಳಿಗಾಲದಾಗ ಎರಿ ಹೊಲದಾಗ ಕುಂಟಿ ಹೊಡ್ಯಾಕತ್ತಾಗ ಎತ್ತಿನ ಕಾಲ ಮುಂದಿಂದನ ಆಳೆತ್ತರ ರೆಕ್ಕಿ ಬಿಚ್ಚಿ ಒಂದ ಹಕ್ಕಿ ಎದ್ದಿತಂತ, ದೂರ ಹೋಗಲಿಲ್ಲಂತ, ಕಾಲ ಜೋಲಾಡ್ಸ್ಕೊಂತ ಸೊಟ್ಟಸೊಟ್ಟ ಹಾರಿ ಅಲ್ಲೇ ಮುಂದ ಬಿತ್ತಂತ, ಗಾಯ ಆದವರಂಗ. ಮುತ್ಯಾಗ ತಿಳೀತು, ಇದು ನಾಟಕ, ತತ್ತಿ ಇಲ್ಲೇ ಐತಿ ಅಂತ. ಎತ್ತ ನಿಲ್ಲಿಸಿ ಹುಡುಕಿದ್ರ ಕೋಳಿ ತತ್ತಿಗಿಂತ ಭಾಳ ದೊಡ್ಡದು, ಮಣ್ಣಿನ ಬಣ್ಣದ ಮ್ಯಾಲ ಕಂದು ಕಲಿ, ಒಂದ ಗೇಣ ಆಚೆ ಇದ್ರ ಹೆಂಟಿ ಅಂತ ತುಳದ ಬಿಡ್ತಿದ್ದೆ ಅಂತಿದ್ದ. ಕುಂಟಿ ಎತ್ತಿ, ಆ ಸುತ್ತಿನ ನೆಲ ಹಂಗ ಬಿಟ್ಟು ಬಂದ. ಆ ತುಣುಕಿಗೆ ನಮ್ಮ ಮನ್ಯಾಗ ಇವತ್ತಿಗೂ "ಭೂತದ ಪಟ್ಟಿ" ಅಂತಾರ. ಎಲ್ಲಾರೂ ಹಂಗ ಎತ್ತ ನಿಲ್ಲಸ್ತಿರ್ಲಿಲ್ಲ ಬಿಡ್ರಿ, ಟ್ರ್ಯಾಕ್ಟರ್ ಅಂತೂ ನಿಲ್ಲೂದ ಇಲ್ಲ. ಉಡ, ಮುಂಗಲಿ, ಕಾಗಿ, ನರಿ, ಈಗ ಊರ ನಾಯಿ, ಎಲ್ಲಾ ದಾಟಿ ಆ ಒಂದ ತತ್ತಿ ಮರಿ ಆಗ್ಬೇಕು, ಮರಿ ಬೆಳದು ಮೂರ್ನಾಕ ವರ್ಷಕ್ಕ ತಾನೂ ಒಂದ ತತ್ತಿ ಇಡ್ಬೇಕು.

ಇಷ್ಟಾದ್ರೂ ಇದೇ ಪೂರ್ತಿ ಉತ್ತರ ಅಲ್ಲ, ಯಾಕಂದ್ರ ಸಾವಿರಾರು ವರ್ಷ ಹಿಂಗ ಒಂದೊಂದ ತತ್ತಿ ಇಟ್ಕೊಂಡ ಈ ಹಕ್ಕಿ ಬದುಕಿತ್ತಲ್ಲ. ನನ್ನ ಪ್ರಕಾರ ಅಸಲಿ ಫರಕ್ ಇರೂದು ಹೊಲದ ದಾಖಲೆ ಬರಿಯೂ ಏಳು-ಬಾರಾ ಪುಸ್ತಕದಾಗ, ಅಂದ್ರ ಜಾಗದ ಹೆಸರಿನಾಗ. ಕಾಟಿ ಇರೂ ಜಾಗಕ್ಕ ನಾವು ಕಾಡು ಅಂತೀವಿ. ಕಾಡು ಅಂದಕೂಡ್ಲೆ ಅದಕ್ಕ ಒಂದ ಇಲಾಖೆ, ಒಬ್ಬ ಗಾರ್ಡ್, ಒಂದ ಗೇಟು, ಒಂದ ಬೋರ್ಡು ಬರ್ತೈತಿ. ಎರಿಭೂತ ಇರೂ ಜಾಗಕ್ಕ ನಾವು ಬೀಳು, ಪಡ, ಬಂಜರು ಅಂತೀವಿ, ಸರ್ಕಾರಿ ನಕಾಶೆದಾಗೂ ಎಷ್ಟೋ ಹುಲ್ಲುಗಾವಲು "ವೇಸ್ಟ್‌ಲ್ಯಾಂಡ್" ಅಂತನ ಹೋಗೈತಿ. ವೇಸ್ಟ್ ಅಂದ ಮ್ಯಾಲ ಅದನ್ನ "ಸುಧಾರಣಾ" ಮಾಡಾಕ ಎಲ್ಲಾರೂ ತಯಾರು.

2011ನೇ ಇಸವಿ ತಗೋರಿ. ಅದೊಂದ ವರ್ಷದಾಗ ಮೂರ ಸುದ್ದಿ ಬಂದ್ವು. ಒಂದು, ಜಾನುವಾರಿಗೆ ಬರ್ತಿದ್ದ ರಿಂಡರ್‌ಪೆಸ್ಟ್, ನಮ್ಮ ಹಿರೇರು ದೊಡ್ಡ ರೋಗ ಅಂತಿದ್ರಲ್ಲ, ಅದು ಜಗತ್ತಿನಿಂದನ ಹೋತು ಅಂತ ಘೋಷಣಾ ಆತು. ಕಾಟಿಗೆ ಇದು ಸಣ್ಣ ಸುದ್ದಿ ಅಲ್ಲ, 1968ರಾಗ ಬಂಡೀಪುರ-ಮುದುಮಲೈ ಭಾಗದಾಗ ಊರ ದನದಿಂದ ಇದೇ ರೋಗ ಹತ್ತಿ ಕಾಟಿ ಹಿಂಡಗಟ್ಟಲೆ ಸತ್ತಿದ್ವು. ಎರಡು, ಡಿಸೆಂಬರ್‌ನಾಗ ಖಾನಾಪುರ ತಾಲೂಕಿನ ಭೀಮಗಡ ವನ್ಯಜೀವಿ ಧಾಮ ಆತು, ಸುಮಾರು 190 ಚದರ ಕಿಲೋಮೀಟರ್. ಮೂರು, ಎರಿಭೂತ "ತೀವ್ರ ಅಳಿವಿನ ಅಂಚಿನ" ಪಟ್ಟಿಗೆ ಇಳೀತು. ಕಾಟಿ ದುಷ್ಮನ್‌ಗೆ ಲಸಿಕಿ ಸಿಕ್ತು, ಇರಾಕ ಮನಿ ಸಿಕ್ತು. ಕಾಟಿಗೂ ಎಲ್ಲಾ ಚಲೋ ಐತಿ ಅಂತಲ್ಲ, ಅದೂ ಅಪಾಯದ ಪಟ್ಟ್ಯಾಗ ಐತಿ, ಮನಿ ಸಣ್ಣದಾಗಿ ನಿಮ್ಮ ಗದ್ದಿಗೆ ಬರಾಕತ್ತೈತಿ. ಆದ್ರ ಬರಾಕರ ಉಳದೈತಿ.

ಎರಿಭೂತದ ಮನಿ ಅಂದ್ರ ನಮ್ಮ ಹೊಲ. ಇದನ್ನ ಹುಡುಗರಿಗೆ ಬಿಡ್ಸಿ ಹೇಳ್ರಿ ಸರ್. ವಿಜಯಪುರ, ಬಾಗಲಕೋಟಿ ಎರಿ ಭೂಮ್ಯಾಗ ಹಿಂದ ಮುಂಗಾರಿಗೆ ಹೊಲ ಖಾಲಿ ಬಿಡ್ತಿದ್ರು, ಮಳಿ ನೀರು ಕುಡಿಸಿ, ನಡುನಡುವ ಕುಂಟಿ ಹೊಡದು, ಹಿಂಗಾರಿಗೆ ಬಿಳಿಜೋಳ, ಕಡ್ಲಿ, ಕುಸಬಿ ಬಿತ್ತೂದು. ಡೋಣಿ (ವಿಜಯಪುರ ಕಡಿ ಹೊಳಿ) ಬೆಳದ್ರ ಓಣೆಲ್ಲಾ ಜೋಳ ಅಂತ ಗಾದಿ ಬಂದದ್ದ ಆ ಬ್ಯಾಸಾಯದಿಂದ. ಆ ಹಕ್ಕಿ ತತ್ತಿ ಇಡೂದೂ ಮಳಿಗಾಲದಾಗನ, ಹೊಲ ಖಾಲಿ ಇದ್ದಾಗ. ಮಿಡತಿ, ಜೀರುಂಡಿ, ಹಲ್ಲಿ, ಬಾರಿಹಣ್ಣು, ಶೇಂಗಾ, ಜೋಳದ ಕಾಳು ಎಲ್ಲಾ ತಿಂತೈತಿ, ಹೊಲದಾಗ ಅದಕ್ಕ ಏನೂ ಕಮ್ಮಿ ಇರ್ಲಿಲ್ಲ. ಆಮ್ಯಾಲ ಆಲಮಟ್ಟಿ ಬಂತು, ಏತ ನೀರಾವರಿ ಬಂತು, ಬೋರ್ ಬಂತು, ಖಾಲಿ ಬಿಡೂ ಹೊಲನ ಉಳೀಲಿಲ್ಲ, ಆಳೆತ್ತರದ ಕಬ್ಬಿನಾಗ ಎರಿಭೂತ ಕಾಲ ಇಡೂದಿಲ್ಲ, ಅದಕ್ಕ ಕುತ್ತಿಗಿ ಎತ್ತಿದ್ರ ಎರಡ ಮೈಲಿ ಕಾಣ್ಬೇಕು. ನೀರು ಬಂದದ್ದಕ್ಕ ಬೈಯಾಕ ನಾ ತಯಾರಿಲ್ಲ, ಬರಗಾಲದಾಗ ಗುಳೆ ಹೋದವರ ಮೊಮ್ಮಗ ನಾನು. ಏನಾತು ಅನ್ನೂದನ್ನಷ್ಟ ಹೇಳಾಕತ್ತೀನಿ.

ಬಂದೂಕದ ಪಾಲೂ ಐತಿ. ಅಹ್ಮದನಗರ ಜಿಲ್ಲಾದಾಗ ಒಬ್ಬನ ಬ್ರಿಟಿಷ್ ಅಧಿಕಾರಿ 1809ರಿಂದ 1829ರ ತನಕ 961 ಎರಿಭೂತ ಹೊಡದಾನ ಅಂತ ದಾಖಲೆ ಐತಿ. ಈಗ ಉಳದದ್ದರ ಆರ ಪಟ್ಟಿಗಿಂತ ಹೆಚ್ಚು, ಒಬ್ಬನ ಕೈಯಾಗ.

ಪ್ರಶ್ನೆ: ನಮ್ಮ ತೊಗರಿ ಹೊಲದಾಗ ಹೋದ ವಾರ ಮೂರ ದೊಡ್ಡ ಹಕ್ಕಿ ಅಡ್ಡಾಡಾಕತ್ತಿದ್ವು, ಮನಷ್ಯಾನ ಸೊಂಟದ ಎತ್ತರ. ನಮ್ಮಪ್ಪ ಇದು ಎರ್ಲಡ್ಡು ಅಂದ. ಎರ್ಲಡ್ಡು, ಎರಿಭೂತ ಒಂದೇ ಏನು? ಫೇಸ್‌ಬುಕ್ಕಿಗೆ ಹಾಕ್ಲ್ಯಾ?
ಒಬ್ಬ ರೈತ, ಇಂಡಿ ತಾಲೂಕು

ಉತ್ತರ: ಒಂದೇ. ಮರಾಠಿಯವರು ಮಾಳಢೋಕ ಅಂತಾರ, ರಾಜಸ್ಥಾನದಾಗ ಗೋಡಾವಣ. ಎರಿ ಅಂದ್ರ ನಿಮಗ ಹೇಳ್ಬೇಕಾಗಿಲ್ಲ, ಕರಿ ಮಣ್ಣು. ಭೂತ ಯಾಕ ಅಂದ್ರ, ನನಗ ಅನಸೂದು, ನೆಲದ ಬಣ್ಣಕ್ಕ ಕೂಡಿ ಕುಂತಿದ್ದು ಒಮ್ಮಿಗೆಲೆ ಎದ್ದ ನಿಂತ್ರ ಮತ್ತೇನಂತಾರ. ಗಂಡು ಹೆಣ್ಣ ಕರಿಯೂ ಮುಂದ ಗಂಟಲ ಚೀಲ ಊದ್ಸಿ ನೆಲಕ್ಕ ಹತ್ತೂ ಹಂಗ ಜೋತಬಿಟ್ಟು ಹೂಂ ಅಂತ ಗುಮ್ಮ ಅನ್ನೂ ದನಿ ತಗೀತೈತಿ, ಮುಸ್ಸಂಜಿ ಹೊತ್ತಿನಾಗ ಖಾಲಿ ಮಾಳದಾಗ ಅದು ಕೇಳಿದ್ರ ದೆವ್ವ ಅನ್ಕೊಳ್ಳೂದ ಸಹಜ.

ಆದ್ರ ನೀವು ಕಂಡದ್ದು ಅದಲ್ಲ ಅಂತ ನನ್ನ ಅಂದಾಜು, ಬ್ಯಾಸರ ಮಾಡ್ಕೋಬ್ಯಾಡ್ರಿ. ಚಳಿಗಾಲಕ್ಕ ಡೆಮೊಯ್ಸೆಲ್ ಕ್ರೇನ್ ಅನ್ನೂ ಬೂದಿ ಬಣ್ಣದ ಕೊಕ್ಕರೆ ನಮ್ಮ ಕಡೆ ಬರ್ತಾವ, ಕಡ್ಲಿ ಹೊಲ, ತೊಗರಿ ಹೊಲದಾಗ ಗುಂಪ ಕಟ್ಕೊಂಡು ಅಡ್ಡಾಡ್ತಾವ, ಅವನ್ನ ನೋಡಿ ಭಾಳ ಮಂದಿ ಮೋಸ ಹೋಗ್ಯಾರ. ಹೆಣ್ಣ ನವಿಲ ನೋಡಿ ಮೋಸ ಹೋದವರೂ ಅದಾರ, ಅವರ ಹೆಸರ ಬ್ಯಾಡ, ಅದರಾಗ ನಾನೂ ಒಬ್ಬ. ಗುರ್ತ ಹಿಡಿಯೂದು ಹಿಂಗ: ನೆತ್ತಿ ಮ್ಯಾಲ ಕರಿ ಟೋಪಿಗಿ, ಕುತ್ತಿಗಿ ಉದ್ದ, ಬೆಳ್ಳಗ, ಬೆನ್ನು ಕಂದು, ಗಂಡಿಗೆ ಎದಿ ಮ್ಯಾಲ ಕರಿ ಪಟ್ಟಿ. ಗಿಡದ ಮ್ಯಾಲ ಕುಂತದ್ದು ಕಂಡ್ರ ಅದು ಎರಿಭೂತ ಅಲ್ಲವ ಅಲ್ಲ. ನೀರಾಗ ಕಾಲ ಇಟ್ಕೊಂಡು ನಿಂತಿದ್ರೂ ಅಲ್ಲ.

ಫೇಸ್‌ಬುಕ್ಕಿಗೆ ಹಾಕಬ್ಯಾಡ್ರಿ. ಹೌದಿದ್ರಂತೂ ಹಾಕಲೇಬ್ಯಾಡ್ರಿ, ಮರುದಿನ ಮುಂಜಾನೆ ನಿಮ್ಮ ಬದುವಿನ ಮ್ಯಾಲ ಇಪ್ಪತ್ತ ಬೈಕ್ ನಿಂತಿರ್ತಾವ. ದೂರದಿಂದ ಒಂದ ಫೋಟೋ ತಗದು ಅರಣ್ಯ ಇಲಾಖೆಯವರಿಗೆ ಮುಟ್ಟಸ್ರಿ, ಸಾಕು. ರಾಜ್ಯದಾಗ ಈಚಿನ ವರ್ಷಗಳಾಗ ಈ ಹಕ್ಕಿ ಕಂಡದ್ದು ಬಳ್ಳಾರಿ ಜಿಲ್ಲಾ ಸಿರುಗುಪ್ಪ ಭಾಗದಾಗ, ಅದೂ ಬೆರಳೆಣಿಕಿ. ನಿಮ್ಮ ಇಂಡಿಗೆ ಸೋಲಾಪುರ ಹತ್ರನ ಐತೆಲ್ಲ, ಅಲ್ಲಿ ನಾನ್ನಜದಾಗ 1979ರಿಂದ ಇದಕ್ಕಂತ ಒಂದ ಅಭಯಾರಣ್ಯ ಐತಿ, 8,496 ಚದರ ಕಿಲೋಮೀಟರ್ ಅಂತ ಕಾಗದದಾಗ ಗೆರಿ ಹೊಡದಿದ್ರು, ಊರು, ಪ್ಯಾಟಿ, ಹೊಲ ಎಲ್ಲಾ ಅದರೊಳಗ ಬಂದು ಮಂದಿ ಸಿಟ್ಟಿಗೆದ್ದು ಕೊನಿಗೆ ಗೆರಿ ಸಣ್ಣದ ಮಾಡ್ಬೇಕಾತು. ಹಕ್ಕಿಗೆ ಗಡಿ ಗೊತ್ತಿಲ್ಲ, ಒಂದಾನೊಂದ ಕಾಲಕ್ಕ ಅಲ್ಲಿಂದ ಇಲ್ಲಿಗೆ ಬಂದು ಹೋಗೂದು ಇದ್ದಿರಬೇಕು.

ಪ್ರಶ್ನೆ: ಕಾಟಿ, ಜಿಂಕಿ ಹುಲ್ಲ ತಿಂತಾವ. ಎರಿಭೂತಕ್ಕ ಹುಲ್ಲ ಬೇಕು. ಹಂಗಾದ್ರ ಮೇಯೂ ಪ್ರಾಣಿ ಹಕ್ಕಿಗೆ ಶತ್ರುನೋ ಮಿತ್ರನೋ? ನಮ್ಮ ಕಾಲೇಜಿನ ಚರ್ಚಾಸ್ಪರ್ಧಿಗೆ ಬೇಕಾಗಿತ್ತು.
ಪಿಯುಸಿ ವಿದ್ಯಾರ್ಥಿನಿ, ಮುಧೋಳ

ಉತ್ತರ: ಚರ್ಚಾಸ್ಪರ್ಧಿ ಅಂದ್ರ ಒಂದ ಕಡೆ ಹಿಡೀಬೇಕು, ನನಗ ಇಲ್ಲಿ ಒಂದ ಕಡೆ ಹಿಡಿಯಾಕ ಆಗೂದಿಲ್ಲವ್ವಾ, ಮಾರ್ಕ್ಸ್ ಹೋದ್ರ ನನ್ನ ಬೈಯಬ್ಯಾಡ.

ಮೊದ್ಲ, ಕಾಟಿ ಮತ್ತ ಎರಿಭೂತ ಎದುರಾಬದುರಾ ಬರೂದ ಇಲ್ಲ. ಕಾಟಿಗೆ ನೆರಳು, ನೀರು, ಗುಡ್ಡ, ಬಿದಿರು ಬೇಕು, ಹುಲ್ಲಿನ ಜತಿ ಎಲಿ ತೊಗಟಿ ಎಲ್ಲಾ ಮೇಯ್ತೈತಿ. ಎರಿಭೂತಕ್ಕ ಬಯಲು. ಬೆಳಗಾವಿ ಜಿಲ್ಲಾ ಒಂದರಾಗನ ನೋಡು, ಪಡುವಣ ತುದಿಗೆ ಖಾನಾಪುರದ ದಟ್ಟ ಮಲೆನಾಡು, ಮೂಡಲ ಕಡೆ ಸವದತ್ತಿ, ರಾಮದುರ್ಗದ ಎರಿ ಬಯಲು, ಬಸ್ಸಿನಾಗ ಅರ್ಧ ದಿನದ ದಾರಿ, ಹಕ್ಕಿಗೂ ಕಾಟಿಗೂ ಮಾತ್ರ ಬ್ಯಾರೆ ಬ್ಯಾರೆ ದೇಶ.

ಎರಿಭೂತದ ನೆರಿಮನಿಯವರು ಅಂದ್ರ ಕೃಷ್ಣಮೃಗ, ಚಿಂಕಾರ, ಮತ್ತ ನಮ್ಮ ಕುರಿ. ಕೃಷ್ಣಮೃಗ ಹುಲ್ಲ ಹದಕ್ಕ ಕಡದು ಗಿಡ್ಡ ಇಡ್ತೈತಿ, ಹಕ್ಕಿಗೆ ನಡ್ಯಾಕ, ಮಿಡತಿ ಹಿಡ್ಯಾಕ, ನರಿ ಬರೂದ ನೋಡಾಕ ಅನುಕೂಲ. ಹುಲ್ಲು ತೀರಾ ಎತ್ತರ ಬೆಳದ್ರ ಹಕ್ಕಿಗೇ ಬ್ಯಾಡ. ಕುರಿಗಾರರು ಹಿಂಡ ತಗೊಂಡು ಒಂದ ಕಡೆ ಎರಡ ದಿನ ಕೂಡ್ಸಿ ಮುಂದ ಹೋಗ್ತಿದ್ರಲ್ಲ, ಅದೂ ಹಿಂಗ. ಒಂದ ಮಾಳದ ಮ್ಯಾಲ ವರ್ಷಪೂರ್ತಿ ಕುರಿ ಬಿಟ್ರ ಬೇರು ಸುದ್ದಾ ಉಳಿಯೂದಿಲ್ಲ, ತತ್ತಿ ಕಾಲಾಗ ಹೋಗ್ತೈತಿ, ಕುರಿ ಹಿಂದ ಬರೂ ನಾಯಿ ಮರಿ ಹಿಡೀತಾವ, ಆಗ ಅದೇ ಕುರಿ ಶತ್ರು.

ನಿನ್ನ ಸ್ಪರ್ಧಿಗೆ ಒಂದ ಗಟ್ಟಿ ಉದಾಹರಣಿ ಕೊಡ್ತೀನಿ ತಗೋ. ರಾಣೆಬೆನ್ನೂರಾಗ 1974ರಾಗ ಕೃಷ್ಣಮೃಗ ಅಭಯಾರಣ್ಯ ಆತು, 119 ಚದರ ಕಿಲೋಮೀಟರ್. ಆಗ ಅಲ್ಲಿ ಎರಿಭೂತನೂ ಇತ್ತು. ಆ ಅಭಯಾರಣ್ಯದ ಬಹುಪಾಲು ನೀಲಗಿರಿ ಗಿಡದ ತೋಪು. ಇವತ್ತಿಗೆ ಕೃಷ್ಣಮೃಗ ಸಾವಿರಗಟ್ಟಲೆ ಐತಿ, ಅದು ತೋಪಿನಾಗೂ ನುಗ್ಗಿ, ರೈತರ ಹೊಲಕ್ಕೂ ಹಾರಿ ಹೆಂಗೋ ಬದುಕತೈತಿ. ಎರಿಭೂತ ಹೋತು. ಒಂದೇ ಬೇಲಿ, ಒಂದೇ ಗಾರ್ಡ್, ಒಂದೇ ಕಾನೂನು, ಮೇಯೂ ಪ್ರಾಣಿ ಉಳೀತು, ನೆಲದ ಹಕ್ಕಿ ಉಳೀಲಿಲ್ಲ. ಗಿಡ ಹಚ್ಚೂದು ಪುಣ್ಯ ಅಂತ ಸಾಲ್ಯಾಗ ಕಲತೀವಲ್ಲ, ಬಯಲಿನ ಹಕ್ಕಿಗೆ ಅದು ಮನ್ಯಾಗ ಕಂಬ ನೆಟ್ಟಂಗ. ಬಳ್ಳಾರಿ ಜಾಲಿ ಬಗ್ಗೆ ಮಾತಾಡಾಕ ಹೊಂಟ್ರ ನನಗ ಬಿಪಿ ಏರ್ತೈತಿ, ಬಿಡು.

ನಿಮ್ಮ ಊರ ಹತ್ರನ ಯಡಹಳ್ಳಿ ಐತಿ, ಬೀಳಗಿ-ಮುಧೋಳ ತಾಲೂಕಿನಾಗ, 2016ರಾಗ ಚಿಂಕಾರಕ್ಕಂತನ ಧಾಮ ಮಾಡಿದ್ದು, 96 ಚದರ ಕಿಲೋಮೀಟರ್ ಚಿಲ್ಲರೆ. ಸ್ಪರ್ಧಿ ಮುಗದ ಮ್ಯಾಲ ಒಮ್ಮೆ ಹೋಗಿ ಬಾ. ಕುರುಚಲು ಗಿಡ, ಕಲ್ಲು, ಒಣ ಹುಲ್ಲು, ನೋಡಿದವರು "ಇಲ್ಲೇನೈತಿ" ಅಂತಾರ. ಚಿಂಕಾರ ಇಪ್ಪತ್ತ ಕೇಜಿ ಆಸುಪಾಸಿನ ಪ್ರಾಣಿ, ನೀ ಅದನ್ನ ನೋಡೂದ್ರಾಗ ಅದು ನಿನ್ನ ನೋಡಿ ಹೋಗಿರ್ತೈತಿ.

ಪ್ರಶ್ನೆ: ಕಾಟಿ, ಕಾಡೆಮ್ಮಿ, ಬೈಸನ್ ಎಲ್ಲಾ ಒಂದೇ ಏನ್ರಿ?
ಚಿಕ್ಕೋಡಿಯಿಂದ

ಉತ್ತರ: ಬೈಸನ್ ಅಮೆರಿಕಾದ್ದು, ಯುರೋಪಿನದು, ನಮ್ಮದಲ್ಲ, ಬ್ರಿಟಿಷರು ಇಟ್ಟ ತಪ್ಪ ಹೆಸರನ್ನ ರೆಸಾರ್ಟಿನವರು ಬೋರ್ಡಿನ ಮ್ಯಾಲ ಉಳಿಸ್ಕೊಂಡಾರ. ಕಾಟಿ ಎಮ್ಮಿ ಜಾತಿನೂ ಅಲ್ಲ, ಆಕಳ ಕಡಿಂದ ಸಂಬಂಧಿಕ. ಖರೆ ಕಾಡೆಮ್ಮಿ ಅಸ್ಸಾಂ ಮತ್ತ ಛತ್ತೀಸಗಡ ಕಡೆ ಅದಾವ. ನಿಮ್ಮ ಕಡೆ ಮರಾಠಿಯೊಳಗ ಗವಾ ಅಂತಾರಲ್ಲ, ಅದೇ ಕಾಟಿ. ಗೋವಾದವರು ಇದನ್ನ ರಾಜ್ಯಪ್ರಾಣಿ ಮಾಡ್ಕೊಂಡಾರ.

ಪ್ರಶ್ನೆ: ರಾಜಸ್ಥಾನದಾಗ ಎರಿಭೂತದ ತತ್ತಿ ತಂದು ಮಷೀನ್‌ನಾಗ ಮರಿ ಮಾಡಸ್ತಾರಂತ. ಹತ್ತ ಮರಿ ತಂದು ನಮ್ಮ ವಿಜಯಪುರದಾಗ ಬಿಡಾಕ ಏನ ಅಡ್ಡಿ?
ನಿವೃತ್ತ ಬ್ಯಾಂಕ್ ನೌಕರರು, ವಿಜಯಪುರ

ಉತ್ತರ: ಮಾಡಸ್ತಾರ, ಖರೆ. ಜೈಸಲ್ಮೇರ್ ಜಿಲ್ಲಾದಾಗ 2019ರಿಂದ ನಡದೈತಿ, ಮಾಳದಾಗ ಸಿಕ್ಕ ತತ್ತಿ ತಂದು ಕಾವ ಕೊಟ್ಟು ಮರಿ ಮಾಡಿ, ಆ ಮರಿ ದೊಡ್ಡವಾಗಿ ಅವೂ ತತ್ತಿ ಇಟ್ಟಾವ. 2024ರ ಅಕ್ಟೋಬರ್‌ನಾಗ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಬಂತು, ನಮ್ಮ ದನದ ಡಾಕ್ಟರ್ ಆಕಳಿಗೆ ಮಾಡೂದನ್ನ ಹಕ್ಕಿಗೆ ಮಾಡ್ಯಾರ, ಬಹುಶಃ ಅದಕ್ಕಿಂತ ಹತ್ತ ಪಟ್ಟ ನಾಜೂಕಾಗಿ. 1969ರಾಗ ಸುಮಾರು 1,260 ಇದ್ವು ಅಂತ ಒಂದ ಅಂದಾಜು, ಅಲ್ಲಿಂದ ಇಲ್ಲಿಗೆ ಇಳದದ್ದಕ್ಕ ಈಗ ಮಷೀನ್ ಬೇಕಾಗೈತಿ. ಪ್ರತಿ ಮರಿನೂ ಬಂಗಾರ.

ಈಗ ನೀವ ಹೇಳ್ರಿ, ಆ ಬಂಗಾರ ತಂದು ಎಲ್ಲಿ ಬಿಡೂಣು? ಗೋಳಗುಮ್ಮಟದ ಮ್ಯಾಲ ನಿಂತು ಒಂದ ಸುತ್ತ ನೋಡ್ರಿ. ಕರೆಂಟ್ ವೈರ್ ಇಲ್ಲದ ದಿಕ್ಕು ಕಾಣ್ತೈತೇನು? ಕೂಡಗಿಯ 2400 ಮೆಗಾವಾಟ್ ಸ್ಥಾವರದಿಂದ ಹೊಂಟ ದೊಡ್ಡ ಲೈನುಗಳು, ಗಾಳಿ ಫ್ಯಾನುಗಳು, ಸೋಲಾರ್. ಈ ಹಕ್ಕಿ ಕಣ್ಣು ತಲಿ ಎರಡೂ ಬಾಜೂಕ ಅದಾವ, ಸುತ್ತಲೂ ಚಲೋ ಕಾಣ್ತೈತಿ, ನೆಟ್ಟಗ ಮುಂದಿಂದು ಕಮ್ಮಿ, ಹಾರೂವಾಗ ತಲಿ ತಗ್ಗಿಸಿ ನೆಲ ನೋಡ್ತಿದ್ರ ಮುಂದಿಂದ ಇನ್ನೂ ಕಮ್ಮಿ. ವೈರ್ ಕಂಡಾಗ ಹತ್ತಡಿ ಉಳದಿರ್ತೈತಿ, ಹನ್ನೆರಡ ಕೇಜಿ ಮೈ ತಿರುಗೂದಿಲ್ಲ. ಕಾಟಿಗೆ ಈ ಚಿಂತಿ ಇಲ್ಲ ನೋಡ್ರಿ, ಅದು ವೈರಿನ ಕೆಳಗ ನಿಂತು ಮೆಲಕು ಹಾಕ್ತೈತಿ. ರಾಜಸ್ಥಾನ-ಗುಜರಾತದಾಗ ವೈರ್ ನೆಲದೊಳಗ ಹಾಕ್ರಿ ಅಂತ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಾಗ ಹೇಳ್ತು, ಅಷ್ಟೂ ಲೈನ್ ನೆಲಕ್ಕ ಹಾಕೂದು ಆಗೂದಿಲ್ಲ ಅಂತ ವಾದ ಆಗಿ 2024ರಾಗ ಅದನ್ನ ಬದಲಿ ಮಾಡಿ ತಜ್ಞರ ಸಮಿತಿಗೆ ಒಪ್ಪಿಸ್ತು. ಸೋಲಾರ್ ಬೇಕು, ಹಕ್ಕಿನೂ ಬೇಕು, ಎರಡೂ ಬಿಸಲು ಇರೂ ಬಯಲನ್ನ ಕೇಳ್ತಾವ, ಅಲ್ಲೇ ಗಂಟ ಬಿದ್ದೈತಿ.

ಸಲೀಂ ಅಲಿಯವರು ಇದನ್ನ ರಾಷ್ಟ್ರಪಕ್ಷಿ ಮಾಡ್ರಿ ಅಂತ ಹೇಳಿದ್ರು, 1963ರಾಗ ನವಿಲಿಗೆ ಆ ಪಟ್ಟ ಹೋತು. ಇಂಗ್ಲಿಷ್ ಹೆಸರ 'ಬಸ್ಟರ್ಡ್' ಒಂದ ಅಕ್ಷರ ತಪ್ಪಿದ್ರ ಬೈಗುಳ ಆಗ್ತೈತಿ ಅಂತ ಹೆದರಿದ್ರು ಅನ್ನೂ ಮಾತು ಜನರ ಬಾಯಾಗ ಐತಿ. ಎರಿಭೂತ ಅಂತ ಇಟ್ಟಿದ್ರ ಆ ತ್ರಾಸ ಇರ್ತಿರ್ಲಿಲ್ಲ.

ಪ್ರಶ್ನೆ: ನಮ್ಮವರು ಇದ್ದಾಗಿಂದ ಎರಡ ಎಕರೆ ಬೀಳ ಬಿಟ್ಟೀವಿ, ಹುಲ್ಲು ಬೆಳೀತೈತಿ, ಎರಡ ಆಕಳಿಗೆ ಆಗ್ತೈತಿ. ಈಗ ಕಾಲುವಿ ನೀರು ಬರ್ತೈತಿ, ಮಗ ಕಬ್ಬ ಹಚ್ಚೂಣು ಅಂತಾನ. ಬೀಳ ಉಳಸಿದ್ರ ಎರಿಭೂತ ಬರ್ತೈತೇನಪ್ಪಾ?
ಅಜ್ಜಿಯೊಬ್ಬರು (ಮೊಮ್ಮಗಳ ಕೈಲೆ ಬರಸಿದ್ದು), ಬಬಲೇಶ್ವರ

ಉತ್ತರ: ಇಲ್ಲಬೇ. ಸುಳ್ಳ ಯಾಕ ಹೇಳ್ಲಿ, ಬರೂದಿಲ್ಲ. ಅದಕ್ಕ ಎರಡ ಎಕರೆ ಸಾಲೂದಿಲ್ಲ, ಊರಗಟ್ಟಲೆ ಬಯಲ ಬೇಕು, ಮತ್ತ ಬರಾಕ ಹತ್ರ ಎಲ್ಲೂ ಹಕ್ಕಿನ ಉಳದಿಲ್ಲ.

ಆದ್ರ ನಿಮ್ಮ ಎರಡ ಎಕರೆದಾಗ ಮತ್ಯಾರೋ ಸಂಸಾರ ಮಾಡ್ಕೊಂಡ ಇರ್ತಾರ, ಬೇಕಾದ್ರ ಮೊಮ್ಮಗಳ ಕರ್ಕೊಂಡು ಮುಂಜಾನೆ ಹೋಗ್ರಿ. ಟಿಟ್ಟಿಭ ಇರ್ತೈತಿ, ನಾಕ ತತ್ತಿ, ಚೂಪ ತುದಿ ಎಲ್ಲಾ ಒಳಗ ಮಾಡಿ ಇಟ್ಟಿರ್ತೈತಿ, ನೀವು ಹತ್ರ ಹೋದ್ರ ತಲಿ ಮ್ಯಾಲ ಹಾರಿ ಬೈತೈತಿ. ಗೌಜಗ, ಲಾವಕ್ಕಿ, ಬಾನಾಡಿ ಇರ್ತಾವ. ಸ್ಯಾಂಡ್‌ಗ್ರೌಸ್ ಅಂತ ಪಾರಿವಾಳದಷ್ಟ ಒಂದ ಹಕ್ಕಿ, ಅದರ ಗಂಡು ಕೆರಿಗೆ ಹೋಗಿ ಹೊಟ್ಟಿ ಪುಕ್ಕ ತೊಯ್ಸ್ಕೊಂಡು ಬಂದು ಮರಿಗೆ ಕುಡಸ್ತೈತಿ, ಕೊಡ ಹೊತ್ತ ಬಂದಂಗ. ಎರಿಭೂತ ಹೋದ ಮ್ಯಾಲೂ ಆ ನೆಲದ ಉಳದ ಒಕ್ಕಲ ಇವು.

ಬೀಳ ಉಳಸೂದಿದ್ರ ಮೂರ ಮಾತು. ಗಿಡ ಹಚ್ಚಬ್ಯಾಡ್ರಿ, ಯಾರರ ಪುಕ್ಕಟ ಸಸಿ ಕೊಟ್ರೂ ಬದುವಿಗೆ ಹಚ್ರಿ, ನಡುವ ಬ್ಯಾಡ. ಮಳಿಗಾಲದಾಗ ಆಕಳ ಅಲ್ಲಿ ಬಿಡೂದು ಬ್ಯಾಡ, ಹುಲ್ಲ ಕೊಯ್ದ ತಂದ ಹಾಕ್ರಿ. ನಾಯಿ ಇದ್ರ ಆ ನಾಕ ತಿಂಗಳ ಕಟ್ರಿ. ಮಗನಿಗೆ ನಾ ಏನೂ ಹೇಳೂದಿಲ್ಲಬೇ, ನಮ್ಮ ಮುತ್ಯಾನ ಭೂತದ ಪಟ್ಟಿ ಮ್ಯಾಲೂ ಈಗ ಕಬ್ಬ ನಿಂತೈತಿ, ಹೇಳಾಕ ನನಗ ಹಕ್ಕಿಲ್ಲ. ಮೊಮ್ಮಗಳಿಗೆ ಮಾತ್ರ ಒಂದ ಕೆಲಸ: ಟಿಟ್ಟಿಭ ತತ್ತಿ ಇಟ್ಟದ್ದು ಯಾವ ವಾರ, ಎಷ್ಟ ಇದ್ವು, ಎಷ್ಟ ಒಡದು ಮರಿ ಆದ್ವು ಅಂತ ಒಂದ ನೋಟ್‌ಬುಕ್ಕಿನಾಗ ಬರದು ದೀಪಾವಳಿ ಹೊತ್ತಿಗೆ ನನಗ ಕಳಸಾಕ ಹೇಳ್ರಿ, ಇದೇ ಪುಟದಾಗ ಹಾಕ್ತೀನಿ.